ಹದಿನೇಳನೇ ಬೆಂಕಿಪೊಟ್ಟಣ

ಅವರಿಗೆ ಕೋಪ ಬಹಳ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಒಳ್ಳೆಯ ಮಾತಿನಿಂದ ಶುರು ಮಾಡಿದರೆ ಅವರು ಎಲ್ಲಿದ್ದರೂ ಪೆನ್ಸಿಲು ಹಿಡಿದುಕೊಂಡು ಬಂದಾರು. ಕೋಪದ ಜೊತೆಗೆ ಕಿವಿ ಮಂದ, ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಆರಿಗನ್ನಿನಲ್ಲಿರುವ ಮಗನಿಗೆ ತಾವಾಗಿ ಫೋನು ಮಾಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾನು ಪ್ರೀತಿಯಿಂದ ಮಾಡಿಕೊಂಡು ಹೋದ ಉಪ್ಪಿಟ್ಟನ್ನು ಎರಡು ಚಮಚ ತಿಂದು, "ನಮ್ಮೂರಲ್ಲಿ ಇದರಲ್ಲಿ ಕಬ್ಬಿಣ ಎರೆಯೋ ಅಚ್ಚು ಮಾಡ್ತಿದ್ರು, ಒದ್ದೆ ಮರಳು" ಎಂದವರು. ಇಷ್ಟಿದ್ದೂ ಐದು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ, ನಾನು ಅವರ ಊಟದ ಮೇಜಿನ ಎದುರು ಕುಳಿತಿದ್ದೆ. ಅವರು ಹೋಗಿ ಎಂಟು ತಿಂಗಳಾಯಿತು. ಶನಿವಾರ ಬಂತೆಂದರೆ ಈಗಲೂ ಕಾಲು ಕೆಳಗಿನ ಮಹಡಿಯ ಕಡೆ ಎಳೆಯುತ್ತದೆ.

ವಾಲ್ನಟ್ ಕ್ರೀಕಿನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಮೊದಲು ಅವರನ್ನು ನೋಡಿದ್ದು. ಡ್ರೈಯರು ಕೆಟ್ಟು ಎರಡು ವಾರವಾಗಿತ್ತು. ಮ್ಯಾನೇಜರು ಅದರ ಮೇಲೆ 'ತಾತ್ಕಾಲಿಕವಾಗಿ ಸೇವೆಯಲ್ಲಿಲ್ಲ' ಎಂದು ಚೀಟಿ ಅಂಟಿಸಿದ್ದರು. ಉದ್ದನೆಯ, ಬಿಳಿ ಹುಬ್ಬಿನ ಮುದುಕರೊಬ್ಬರು ಆ ಚೀಟಿಯ ಮುಂದೆ ನಿಂತು, ನಡುಗುವ ಕೈಯಿಂದ 'ತಾತ್ಕಾಲಿಕವಾಗಿ' ಎಂಬುದನ್ನು ಹೊಡೆದುಹಾಕಿದರು. ಆಮೇಲೆ 'ಸೇವೆಯಲ್ಲಿಲ್ಲ' ಎಂಬುದನ್ನೂ ಹೊಡೆದು, 'ಕೆಟ್ಟಿದೆ' ಎಂದು ಬರೆದರು. ನಾನು ಬೆಂಚಿನ ಮೇಲೆ ಕುಳಿತು ಆಫೀಸಿನ ಒಂದು ರಿಪೋರ್ಟನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದೆ. ನನ್ನ ಕೆಲಸವೇ ಅದು; ಫಾಸ್ಟರ್ ಸಿಟಿಯ ಒಂದು ಔಷಧ ಕಂಪನಿಗೆ ಮನೆಯಿಂದಲೇ ಲ್ಯಾಬಿನವರ ಬರವಣಿಗೆ ತಿದ್ದಿಕೊಡುತ್ತೇನೆ. ಅವರು ಹತ್ತಿರ ಬಂದು ನನ್ನ ಹಾಳೆಯಲ್ಲಿ ಮೂಗು ತೂರಿಸಿ ಅರ್ಧ ಪುಟ ಓದಿದರು.

"ಟೈಪು ಮಾಡೋಕೆ ಬರುತ್ತಾ?" ಎಂದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಹೇಗೋ ಕನ್ನಡದಲ್ಲೇ.

"ಬರುತ್ತೆ."

"ನನ್ನ ಹತ್ತಿರ ಒಂದು ಊರಿದೆ. ಅದನ್ನ ಟೈಪು ಮಾಡ್ಬೇಕು."

ಊರು ಅವರ ಊಟದ ಮೇಜಿನ ಮೇಲಿತ್ತು. ಪ್ಲೈವುಡ್ಡಿನ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ ಬಳಿದ ಹೊಳೆ, ಅದಕ್ಕೊಂದು ಒಡ್ಡು, ಒಡ್ಡಿನ ಕೆಳಗೆ ಸುತ್ತಿಗೆಮನೆ, ಅದರಾಚೆ ಅದಿರು ಕರಗಿಸುವ ದೊಡ್ಡ ಕುಲುಮೆ, ಇನ್ನೂ ಆಚೆ ಧಣಿಗಳ ಬಂಗಲೆ. ಹೊಳೆಗುಂಟ ಸಾಲಾಗಿ ಇಪ್ಪತ್ತೆರಡು ಬೆಂಕಿಪೊಟ್ಟಣಗಳು. ಅವು ಕಂಪನಿಯ ಸಾಲುಮನೆಗಳು. ಸ್ವೀಡನ್ನಿನ ನಡುಭಾಗದ ಕಾಡಿನೊಳಗೆ ಮುನ್ನೂರು ವರ್ಷ ಕಬ್ಬಿಣ ಕಾಯಿಸಿ ಬಡಿದ ಹಳ್ಳಿ ಅದು. ಈಗ ಅಲ್ಲಿ ಕಬ್ಬಿಣವೂ ಇಲ್ಲ, ಬಡಿಯುವವರೂ ಇಲ್ಲ. ಉಳಿದ ನಾಲ್ಕಾರು ಜನ ಸೇರಿ ಮಾಡಿಕೊಂಡ ಸಂಘವೊಂದು ಊರಿನ ಚರಿತ್ರೆಯನ್ನು ಪುಸ್ತಕವಾಗಿ ತರಲು ಹೊರಟಿತ್ತು. ಸಾಲುಮನೆಗಳಲ್ಲಿ ಯಾರ್ಯಾರಿದ್ದರು ಎಂಬ ಭಾಗ ಇವರದು. ಕೈ ನಡುಗುವುದರಿಂದ ಬರೆಯಲಾಗುತ್ತಿರಲಿಲ್ಲ. ಇವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಟೈಪು ಮಾಡುವುದು, ಅಲ್ಲಿನವರು ಅದನ್ನು ಸ್ವೀಡಿಷಿಗೆ ತಿರುಗಿಸಿಕೊಳ್ಳುವುದು ಎಂದಾಯಿತು. ನಿಮ್ಮ ಭಾಷೆಯಲ್ಲೇ ಹೇಳಿ ರೆಕಾರ್ಡು ಮಾಡಬಹುದಲ್ಲ ಎಂದು ಒಮ್ಮೆ ಕೇಳಿದೆ. "ನನ್ನ ಭಾಷೇಲಿ ಹೇಳಿದ್ರೆ ಪಕ್ಕದ ಮನೆಯವರಿಗೆ ಕೇಳಿಸುತ್ತೆ" ಎಂದರು. ತಮಾಷೆ ಎಂದುಕೊಂಡು ನಕ್ಕೆ.

ಒಂದೊಂದು ಪೊಟ್ಟಣದೊಳಗೂ ಮಡಿಸಿದ ಚೀಟಿಗಳು. ಯಾರು, ಯಾವ ಕೆಲಸ, ಎಷ್ಟು ಮಕ್ಕಳು, ಹೇಗೆ ಸತ್ತರು, ಒಂದು ಬಾಗಿಲಿನಿಂದ ಮುಂದಿನ ಬಾಗಿಲಿಗೆ ಎಷ್ಟು ಹೆಜ್ಜೆ. ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಡುವ ಹಿಂದಿನ ದಿನ ಸಾಲಿನುದ್ದಕ್ಕೂ ನಡೆದು ಎಣಿಸಿಕೊಂಡಿದ್ದರಂತೆ. ಹದಿನಾರನೇ ಮನೆಯ ಚೀಟಿಯಲ್ಲಿ ಇದ್ದಿಲು ಉಗ್ರಾಣದವನ ಹೆಸರು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, 'ಈ ಹೆಂಗಸು ಸುಡುವ ರೊಟ್ಟಿಯ ವಾಸನೆ ಮುಂದಿನ ಮನೆಗೂ ಬರುತ್ತಿತ್ತು, ಮುಂದಿನ ಬಾಗಿಲಿಗೆ ಹನ್ನೊಂದು ಹೆಜ್ಜೆ' ಎಂದಿತ್ತು. ಆ ಮುಂದಿನ ಮನೆ ಹದಿನೇಳನೆಯದು. ಅದರ ಪೊಟ್ಟಣ ಅಲ್ಲಾಡಿಸಿ ನೋಡಿದೆ, ಸದ್ದಿರಲಿಲ್ಲ. ಬರೆಯೋಣ ಬಿಡು, ಆಮೇಲೆ, ಎಂದರು.

ಅವರ ಊರಿನ ಕತೆ ಕೇಳುವುದೆಂದರೆ ನನಗೆ ಖುಷಿ. ಮೊಟ್ಟಮೊದಲ ಕಮ್ಮಾರರನ್ನು ಧಣಿಗಳು ಬೇರೆ ದೇಶದಿಂದ ಕರಾರು ಬರೆಸಿಕೊಂಡು ತಂದಿದ್ದರಂತೆ. ಮನೆ, ಸೌದೆ, ಹಾಲು ಎಲ್ಲ ಕಂಪನಿಯದು. ಕಂಪನಿ ಬಿಟ್ಟರೆ ಮನೆಯೂ ಇಲ್ಲ, ಊರೂ ಇಲ್ಲ. "ಎಚ್-ಒನ್ ವೀಸಾ" ಎಂದೆ. ಅದೇನೆಂದು ವಿವರಿಸಿದ ಮೇಲೆ ಅವರು ಬಹಳ ಹೊತ್ತು ನಕ್ಕರು. ಅಂದಿನಿಂದ ಕಾಗದಪತ್ರಗಳ ಗಲಾಟೆಯಲ್ಲಿ ನಾವು ಗ್ರೀನ್ ಕಾರ್ಡು, ಗ್ರೀನ್ ಕಾರ್ಡು ಎಂದು ಒದ್ದಾಡುವಾಗಲೆಲ್ಲ, "ಏನಂತಾರೆ ನಿಮ್ಮ ಧಣಿಗಳು?" ಎಂದು ವಿಚಾರಿಸುತ್ತಿದ್ದರು.

ಸುತ್ತಿಗೆ ನೀರಿನಿಂದ ನಡೆಯುತ್ತಿತ್ತು, ಹಗಲೂ ರಾತ್ರಿ. ಊರಿನ ಕೂಸುಗಳು ಆ ಬಡಿತಕ್ಕೇ ಮಲಗುತ್ತಿದ್ದವು. ಶನಿವಾರ ಸಂಜೆ ಸುತ್ತಿಗೆ ನಿಂತೊಡನೆ ಎಲ್ಲ ಮನೆಗಳಲ್ಲೂ ಎದ್ದು ಅಳುತ್ತಿದ್ದವು. ಇವರು ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಬೇಡವಾದ, ಬಾರ್ಟ್ ರೈಲಿನ ಹಳಿಗೆ ಮುಖಮಾಡಿದ ಮನೆಯನ್ನು ಕೇಳಿ ಪಡೆದಿದ್ದು ಅದಕ್ಕೇ. ಹಳಿ ರಿಪೇರಿಗೆಂದು ರೈಲು ನಿಂತ ಭಾನುವಾರಗಳಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದರು. ಒಮ್ಮೆ ನನ್ನ ಮಗಳು ಐಪ್ಯಾಡಿನಲ್ಲಿ ಉಪಗ್ರಹದ ಚಿತ್ರ ತೆಗೆದು ಆ ಊರನ್ನು ಹುಡುಕಿದಳು. ಬರೀ ಮರ, ಹೊಳೆ, ಕುಲುಮೆ ಇದ್ದ ಕಡೆ ಬೂದುಬಣ್ಣದ ಚೌಕ. "ಇಟ್ಸ್ ಜಸ್ಟ್ ಎ ಪಾರ್ಕಿಂಗ್ ಲಾಟ್, ಅಮ್ಮ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಮಂದಕಿವಿಯ ಮುದುಕರಿಗೆ ಅದೊಂದು ಚೆನ್ನಾಗಿ ಕೇಳಿಸಿತು. "ಹೌದು," ಎಂದರು, "ಪಾರ್ಕಿಂಗ್ ಲಾಟು. ಹಾಗೇ ಟೈಪು ಮಾಡು."

ಇನ್ನು ಕಾಫಿ. ನಾನು ಮೈಸೂರಿನವಳು. ಯಾರಾದರೂ ಕಾಫಿ ಎಂದರೆ ಮೊದಲು "ಅಯ್ಯೋ ಬೇಡ" ಎನ್ನಬೇಕು, ಎರಡನೇ ಸಲ "ಈಗ ತಾನೇ ಆಯ್ತು" ಎನ್ನಬೇಕು, ಮೂರನೇ ಸಲ "ಸರಿ, ಒಂದರ್ಧ ಲೋಟ" ಎನ್ನಬೇಕು. ಈ ದೇಶದಲ್ಲಿ ಮೊದಲ 'ಬೇಡ'ಕ್ಕೇ ನಂಬಿಬಿಡುತ್ತಾರೆ. ಬಂದ ಹೊಸತರಲ್ಲಿ ಎಷ್ಟೋ ಮನೆಗಳಿಂದ ಗಂಟಲು ಒಣಗಿಸಿಕೊಂಡು ಬಂದಿದ್ದೇನೆ. ಇವರು ಮಾತ್ರ ಮೂರು ಸಲ ಕೇಳಿದರು. ಅವರ ಹಳ್ಳಿಯಲ್ಲೂ ಹಾಗೆಯೇ, ಮೂರನೇ ಒತ್ತಾಯಕ್ಕೆ ಮೊದಲು ಬಟ್ಟಲು ಮುಟ್ಟಿದವಳು ಮರ್ಯಾದೆಗೆಟ್ಟವಳಂತೆ. ನನ್ನ ಅಮ್ಮ ಮೈಸೂರಿನಿಂದ ಬಂದಿದ್ದಾಗ ಕರೆದುಕೊಂಡು ಹೋದೆ. ಇವರು ಕಾಫಿಯನ್ನು ಸಾಸರಿಗೆ ಬಗ್ಗಿಸಿ, ಸಕ್ಕರೆಯ ಉಂಡೆಯೊಂದನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಸೊರ್ರೆಂದು ಹೀರಿದರು. ಅಮ್ಮ ನನ್ನ ಮೊಣಕೈ ತಿವಿದಳು.

"ನೋಡೇ, ನಮ್ಮ ತಾತ ಬೆಲ್ಲ ಕಚ್ಕೊಂಡು ಕುಡೀತಿದ್ರಲ್ಲ, ಥೇಟ್ ಹಾಗೇ. ಇವ್ರು ಎಲ್ಲಿಯವರು ಅಂದೆ?"

ಅಮ್ಮನಿಗೆ ಅವರ ಇಂಗ್ಲಿಷು ತಿಳಿಯದು, ಅವರಿಗೆ ಅಮ್ಮನ ಕನ್ನಡ ತಿಳಿಯದು. ಇಬ್ಬರೂ ಎದುರುಬದುರು ಕುಳಿತು ಒಂದು ಗಂಟೆ ಸೊರ್ರೆನ್ನುತ್ತಿದ್ದರು. ಅಮ್ಮನೇ ಗಮನಿಸಿದ್ದು: ನಾವು ಮೂವರಿದ್ದರೂ ಮೇಜಿನ ಮೇಲೆ ನಾಲ್ಕು ಬಟ್ಟಲು. ನಾನೊಬ್ಬಳೇ ಹೋದಾಗ ಮೂರಿರುತ್ತಿದ್ದವು. ಹೆಂಡತಿ ತೀರಿಕೊಂಡಿದ್ದಾರಲ್ಲ, ಅವರ ಹೆಸರಿನಲ್ಲಿ ಇರಬೇಕು ಎಂದು ನಾವೇ ತೀರ್ಮಾನಿಸಿ ಮರುಗಿದೆವು. ನಮ್ಮದು ತಪ್ಪು ಲೆಕ್ಕಾಚಾರ ಎಂದು ಆಮೇಲೆ ತಿಳಿಯಿತು.

ಇಪ್ಪತ್ತೊಂದು ಮನೆ ಮುಗಿದವು. ಮೊದಲಿನಿಂದ ಗಟ್ಟಿಯಾಗಿ ಓದು ಎಂದರು. ಒಂಬತ್ತನೇ ಮನೆಗೆ ಬಂದೆ. ಅವರು ಹೇಳಿ ಬರೆಸಿದ್ದು ಹೀಗಿತ್ತು: 'ಒಳ್ಳೆಯ ಕಮ್ಮಾರ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ. ಅವಳು ಎರಡು ಚಳಿಗಾಲ ಕಪ್ಪುಗಟ್ಟಿದ ಕಣ್ಣಿನಲ್ಲೇ ಚರ್ಚಿಗೆ ಬಂದಳು.' ನಾನು ಓದಿದ್ದು: 'ಕೆಲಸದಲ್ಲಿ ನಿಪುಣ. ಸ್ವಲ್ಪ ಮುಂಗೋಪಿ. ಗಂಡಹೆಂಡಿರಿಬ್ಬರೂ ಸಂಸಾರದಲ್ಲಿ ಬಹಳ ಕಷ್ಟ ಉಂಡವರು.'

"ಯಾರಿವನು?" ಎಂದರು. "ನಮ್ಮೂರಲ್ಲಿ ಇಂಥವನು ಇರ್ಲಿಲ್ಲ."

ನಾನು ಬೇಕೆಂದು ಮಾಡಿದ್ದಲ್ಲ. ಲ್ಯಾಬಿನಲ್ಲಿ ಒಂದು ಸೀಸೆ ಒಡೆದರೆ ಒಡೆಯಿತು ಎಂದೇ ಬರೆಸುವವಳು ನಾನು. ಆದರೆ ಸತ್ತವರ ವಿಷಯ ಬಂದರೆ ನಮ್ಮ ಕಡೆಯವರ ಕೈ ತನ್ನಷ್ಟಕ್ಕೆ ಮೆತ್ತಗಾಗುತ್ತದೆ. ಸತ್ತ ಎಮ್ಮೆಗೆ ಒಂದು ಸೇರು ಹಾಲು ಹೆಚ್ಚು ಎಂದು ನನ್ನಜ್ಜಿ ಹೇಳುತ್ತಿದ್ದಳು. ನಮ್ಮ ಶ್ರದ್ಧಾಂಜಲಿಗಳಲ್ಲಿ ಸಜ್ಜನರಲ್ಲದವರು, ಮೃದುಭಾಷಿಗಳಲ್ಲದವರು ಯಾರಾದರೂ ಸತ್ತದ್ದುಂಟೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾನು ಕೆಟ್ಟದ್ದನ್ನೆಲ್ಲ ತೆಗೆಯುತ್ತ ಬಂದಿದ್ದೆ. ಆಮೇಲೆ ಕುಳಿತು ಹುಡುಕಿದರೆ ಹನ್ನೊಂದು ಮನೆಗಳಲ್ಲಿ ಹಾಗೆ ಮಾಡಿದ್ದೆ.

"ಸತ್ತವರನ್ನ ಯಾಕೆ ಅವಮಾನ ಮಾಡ್ಬೇಕು ಅಂತ..." ಎಂದೆ.

"ಆ ಹೆಂಗಸೂ ಸತ್ತಿದ್ದಾಳೆ," ಎಂದರು. "ಅವಳ ಹತ್ತಿರ ಇದ್ದ ಸಾಕ್ಷಿ ಆ ಕಣ್ಣೊಂದೇ. ಅದನ್ನ ನೀನು ಒರೆಸಿಹಾಕಿದೆ."

ಮೇಜು ಗುದ್ದಿದರು. ಐದಾರು ಮನೆಗಳು ಹೊಳೆಗೆ ಉರುಳಿದವು. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದೂ ನನಗೆ ಪಿತ್ತ ನೆತ್ತಿಗೇರಿತು. ಐದು ವರ್ಷ ಬಿಟ್ಟಿ ಟೈಪು ಮಾಡಿದವಳ ಮೇಲೆ ಕೂಗಾಡುವುದೇ.

"ಎಲ್ಲರ ಮನೆಯದೂ ಬರೆಸಿದ್ರಿ. ಹದಿನೇಳನೇ ಮನೇದು ಎಲ್ಲಿ? ಅದು ನಿಮ್ಮನೆ ತಾನೆ?"

ಅವರು ಎದ್ದು ಬಾಗಿಲು ತೆಗೆದು ನಿಂತರು. ನಾನು ಲ್ಯಾಪ್‌ಟಾಪು ಎತ್ತಿಕೊಂಡು ಬಂದುಬಿಟ್ಟೆ.

ಎರಡು ಶನಿವಾರ ಹೋಗಲಿಲ್ಲ. ಸಿಟ್ಟಿಗೆ ಕುಳಿತು ಹನ್ನೊಂದು ಮನೆಗಳನ್ನೂ ಅವರು ಹೇಳಿದ ಹಾಗೆಯೇ ಸರಿಪಡಿಸಿದೆ, ಕಳಿಸಲಿಲ್ಲ. ಮೂರನೇ ಶನಿವಾರ ಅಮ್ಮ ಕೋಡುಬಳೆ ಕರಿದು ಡಬ್ಬಿಗೆ ತುಂಬಿ ನನ್ನ ಮುಂದಿಟ್ಟಳು.

"ತೊಂಬತ್ತು ವರ್ಷದೋರ ಹತ್ರ ಏನೇ ನಿಂದು ಹಠ. ಅವ್ರಿಗೆ ಟೈಮ್ ಇದ್ಯಾ ನಿನ್ ಥರ? ಹೋಗ್ ಕೊಟ್ ಬಾ."

ಹೋದೆ. ಮೂರು ಬಟ್ಟಲು ಇಟ್ಟೇ ಇದ್ದವು. ಅವರು ಕೋಡುಬಳೆ ಕಡಿಯಲಾಗದೆ ಕಾಫಿಯಲ್ಲಿ ಅದ್ದಿಕೊಂಡು ತಿಂದರು. ತಿದ್ದಿದ್ದನ್ನು ಓದಿದೆ, ತಲೆಯಾಡಿಸಿದರು. ಆಮೇಲೆ ನಾನು ಕೇಳದೆಯೇ ಹೇಳಿದರು.

ಅವರ ಅಪ್ಪ ಕುಲುಮೆಯ ಮೇಸ್ತ್ರಿ. ಇವರಿಗೆ ಏಳು ವರ್ಷವಿದ್ದಾಗ ಊರಿಗೆ ಊರೇ ಮುಷ್ಕರ ಹೂಡಿತು. ಮೂರನೇ ವಾರ, ಒಂದು ಬೆಳಿಗ್ಗೆ, ಅಪ್ಪ ಎಲ್ಲರೂ ನೋಡುತ್ತಿದ್ದಂತೆ ಗೇಟು ದಾಟಿ ಒಳಗೆ ಹೋದ. ಕುಲುಮೆ ಆರಿದರೆ ಕರಗಿದ ಕಬ್ಬಿಣ ಒಳಗೇ ಹೆಪ್ಪುಗಟ್ಟುತ್ತದೆ. ಒಡೆದು ಹೊಸದಾಗಿ ಕಟ್ಟಬೇಕು, ಅಷ್ಟು ದಿನ ಇಡೀ ಊರಿಗೆ ಕೆಲಸವಿಲ್ಲ. ಅದಕ್ಕೇ ಹೋದ ಎಂದು ಅವರ ಅಮ್ಮ ಹೇಳುತ್ತಿದ್ದಳು. ಮನೆ ಖಾಲಿ ಮಾಡಿಸುತ್ತಾರೆಂದು ಹೆದರಿ ಧಣಿಗಳ ಕಾಲು ಹಿಡಿದ ಎಂದು ಊರು ಹೇಳುತ್ತಿತ್ತು. ಅಪ್ಪ ಏನೂ ಹೇಳಲಿಲ್ಲ. ಮುಷ್ಕರ ಮುಗಿಯಿತು, ಎಲ್ಲರೂ ಕೆಲಸಕ್ಕೆ ಹೋದರು, ಅದೇ ಕುಲುಮೆಯಲ್ಲಿ ಅವನ ಪಕ್ಕದಲ್ಲೇ ದುಡಿದರು. ಆದರೆ ಅಂದಿನಿಂದ ಅವನಿಗೆ ಯಾರೂ ಟೋಪಿ ಎತ್ತಿ ನಮಸ್ಕಾರ ಹೇಳಲಿಲ್ಲ, ಯಾರೂ ಅವರ ಹೊಸ್ತಿಲು ತುಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಒಬ್ಬರ ಮನೆಗೊಬ್ಬರು ಕಾಫಿಗೆ ಹೋಗುವುದು ಆ ಊರಿನ ಪದ್ಧತಿ. ಅಮ್ಮ ಪ್ರತಿ ಭಾನುವಾರ ಕಿಟಕಿಯ ಬಳಿ ಮೇಜಿಗೆ ಬಿಳಿ ಬಟ್ಟೆ ಹಾಸಿ ಆರು ಬಟ್ಟಲು ಇಡುತ್ತಿದ್ದಳು. ಮನೆಯವರಿಗೆ ಮೂರು, ಬಂದವರಿಗೆ ಮೂರು. ಸಂಜೆ ಆ ಮೂರನ್ನೂ ತೊಳೆದು ಒಳಗಿಡುತ್ತಿದ್ದಳು.

"ಕುಡಿಯದೆ ಇದ್ದ ಬಟ್ಟಲನ್ನ ಯಾಕೆ ತೊಳೀತಿದ್ರು?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಗೊತ್ತಿಲ್ಲ," ಎಂದರು. "ಅಪ್ಪ ಸಾಯೋವರೆಗೂ ಹನ್ನೆರಡು ವರ್ಷ. ಒಂದು ಭಾನುವಾರ ಯಾರಾದ್ರೂ ಬಂದಿದ್ರೆ ಸಾಕಾಗಿತ್ತು."

ನಾನು ಲ್ಯಾಪ್‌ಟಾಪು ಹತ್ತಿರ ಎಳೆದುಕೊಂಡೆ. ಹದಿನೇಳನೇ ಪೊಟ್ಟಣವನ್ನು ಅವರ ಮುಂದಿಟ್ಟು, ಹೇಳಿ, ಬರ್ಕೋತೀನಿ ಎಂದೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. "ಕುಲುಮೆ ಉಳಿಸಿದ ಅಂತ ಬರೆಸಿದ್ರೆ ನಾನೂ ನಿನ್ನ ಹಾಗೇ ಆದೆ. ದ್ರೋಹಿ ಅಂತ ಬರೆಸೋಕೆ ಬಾಯಿ ಬರಲ್ಲ. ಯಾವುದು ನಿಜ ಅಂತ ನನಗೆ ಗೊತ್ತಿಲ್ಲ, ಕೇಳೋ ಧೈರ್ಯ ಇರ್ಲಿಲ್ಲ. ನೀನು ಬರಿ. ನಿನಗೆ ಮೆತ್ತಗೆ ಮಾಡೋ ಚಾಳಿ ಇದೆ, ಅದಕ್ಕೇ ಎಲ್ಲಿ ಮೆತ್ತಗೆ ಮಾಡ್ತಿದ್ದೀನಿ ಅಂತ ನಿನಗೇ ಗೊತ್ತಾಗುತ್ತೆ."

ಇದು ನನಗೆ ಬಿಸಿತುಪ್ಪವಾಯಿತು. ತಿಂಗಳುಗಟ್ಟಲೆ ಬರೆದು ಹೊಡೆದುಹಾಕಿದೆ. ಮೊದಲ ಪ್ರತಿಯಲ್ಲಿ ಅಪ್ಪ ಊರಿಗಾಗಿ ತ್ಯಾಗ ಮಾಡಿದ ಮಹಾನುಭಾವನಾಗಿದ್ದ. ಎರಡನೆಯದರಲ್ಲಿ ಅವರ ಅಮ್ಮ ದೇವತೆಯಾಗಿದ್ದಳು. ಅಷ್ಟರಲ್ಲಿ ಮುದುಕರ ಹೃದಯ ಸೋತಿತು. ಮಗ ಆರಿಗನ್ನಿನಿಂದ ಬಂದು ಪಕ್ಕದ ಕೋಣೆಯಲ್ಲಿ ಇಳಿದುಕೊಂಡ. ಅಪ್ಪ ಮಗ ಹೆಚ್ಚು ಮಾತಾಡಿದ್ದು ನಾನು ಕೇಳಲಿಲ್ಲ. ಕೇಳದೆ ಉಳಿದುಬಿಡುವುದು ಆ ಮನೆಯ ರೂಢಿ ಇರಬೇಕು, ಅದನ್ನೂ ಮರೆಮಾಚದೆ ಬರೆಯುತ್ತಿದ್ದೇನೆ. ಕೊನೆಗೆ ಒಂದು ಶನಿವಾರ ಹಾಸಿಗೆಯ ಪಕ್ಕ ಕುಳಿತು ಓದಿದೆ:

'ಹದಿನೇಳನೇ ಮನೆ. ಕುಲುಮೆಯ ಮೇಸ್ತ್ರಿ, ಹೆಂಡತಿ, ಒಬ್ಬ ಮಗ. ಮುಷ್ಕರದ ಮೂರನೇ ವಾರ ಅವನು ಗೇಟು ದಾಟಿ ಒಳಗೆ ಹೋದ. ಕುಲುಮೆ ಆರಲಿಲ್ಲ, ಮನೆಯೂ ಉಳಿಯಿತು. ಯಾವುದಕ್ಕಾಗಿ ಹೋದನೆಂದು ಅವನು ಹೇಳಲಿಲ್ಲ, ಮಗ ಕೇಳಲಿಲ್ಲ. ಆಮೇಲೆ ಹನ್ನೆರಡು ವರ್ಷ ಊರಿನವರು ಯಾರೂ ಈ ಮನೆಗೆ ಬರಲಿಲ್ಲ. ಪ್ರತಿ ಭಾನುವಾರ ಕಿಟಕಿಯ ಬಳಿ ಆರು ಬಟ್ಟಲು ಇಟ್ಟಿರುತ್ತಿದ್ದವು.'

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಹೊರಗೆ ಬಾರ್ಟ್ ಹಾದುಹೋಯಿತು. "ಕಳಿಸು" ಎಂದರು. ಐದು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಹೊಗಳಿಕೆ ಅದೊಂದೇ. ಆ ಬುಧವಾರ ಮಧ್ಯಾಹ್ನ ತೀರಿಕೊಂಡರು. ನಾನು ಅತ್ತೆ, ಆಫೀಸಿನ ಮೀಟಿಂಗು ಬಿಟ್ಟು ಲಾಂಡ್ರಿ ರೂಮಿಗೆ ಹೋಗಿ ಅತ್ತೆ. ಅಮ್ಮ ಫೋನಿನಲ್ಲಿ ಮೈಸೂರಿನಿಂದ, "ಒಳ್ಳೇ ಮನುಷ್ಯ ಕಣೇ" ಎಂದಳು. ನನಗೂ ಅವರನ್ನು ಕಂಡರೆ ಬಹಳ ಪ್ರೀತಿಯಿತ್ತು. ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಪೆನ್ಸಿಲು ಹಿಡಿಯುತ್ತಿದ್ದರೋ ಏನೋ.

ಕಳೆದ ತಿಂಗಳು ಅವರ ಮಗ ಮನೆ ಖಾಲಿ ಮಾಡಿಸಿ, ಬೂಟಿನ ಡಬ್ಬಿಯೊಂದನ್ನು ನನ್ನ ಬಾಗಿಲಿಗೆ ತಂದುಕೊಟ್ಟು ಹೋದ. ಒಳಗೆ ಇಪ್ಪತ್ತೆರಡು ಬೆಂಕಿಪೊಟ್ಟಣ. ಅದೇ ವಾರ ಸ್ವೀಡನ್ನಿನಿಂದ ಒಂದು ಈಮೇಲು ಬಂತು. ಅಚ್ಚಿಗೆ ಹೋಗುವ ಮೊದಲು ಸಂಘದವರು ಬದುಕಿರುವ ಕೆಲವು ಹಿರಿಯರಿಗೆ ಕರಡು ಓದಿ ಹೇಳಿದ್ದರಂತೆ. ಬರೆದಿದ್ದು ಒಬ್ಬ ಹುಡುಗಿ, ಹದಿನಾರನೇ ಮನೆಯ ಹಿರಿಯ ಮಗಳ ಮೊಮ್ಮಗಳು. ಅಜ್ಜಿಗೆ ಈಗ ತೊಂಬತ್ತೆರಡು. ಅವರು ಹೇಳಿದ್ದನ್ನು ಹಾಗೆಯೇ ಬರೆದಿದ್ದಳು:

'ನಮ್ಮ ಅಡುಗೆಮನೆಯಿಂದ ಆ ಕಿಟಕಿ ಕಾಣುತ್ತಿತ್ತು. ಅಮ್ಮ ಪ್ರತಿ ಭಾನುವಾರ ರೊಟ್ಟಿ ಸುಟ್ಟು, ಒಂದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲವರೆಗೂ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ಒಳಗೆ ಬಂದು ಅದನ್ನು ನಮಗೇ ಹಂಚುತ್ತಿದ್ದಳು. ದಯವಿಟ್ಟು ಇದನ್ನು ನಮ್ಮ ಮನೆಯ ಹೆಸರಿನಲ್ಲಿ ಸೇರಿಸಿ. ಊರಿಗೆ ಹೆದರಿದ್ದಳು, ಪಾಪ, ಎಂದೆಲ್ಲ ಸಮಜಾಯಿಷಿ ಬೇಡ. ಹೋಗಲಿಲ್ಲ ಎಂದಷ್ಟೇ ಬರೆಯಿರಿ.'

ಎಂಟು ತಿಂಗಳು ಮೊದಲು ಬರಬಾರದಿತ್ತೇ ಎಂದು ಆ ಈಮೇಲಿನ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ ಹೇಳಿದಂತೆಯೇ ಟೈಪು ಮಾಡಿ ಕಳಿಸಿದೆ, ಒಂದಕ್ಷರ ಮೆತ್ತಗೆ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಎರಡು ಚೀಟಿ ಬರೆದು, ಒಂದನ್ನು ಹದಿನಾರನೇ ಪೊಟ್ಟಣಕ್ಕೂ ಇನ್ನೊಂದನ್ನು ಹದಿನೇಳನೆಯದಕ್ಕೂ ಹಾಕಿದೆ. ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು ಕುಳಿತೆ. ಹದಿನಾರರಲ್ಲಿದ್ದ ಹಳೆಯ ಚೀಟಿಯನ್ನು ಇನ್ನೊಮ್ಮೆ ಬಿಡಿಸಿ ಓದಿದೆ. ಮುಂದಿನ ಬಾಗಿಲಿಗೆ ಹನ್ನೊಂದು ಹೆಜ್ಜೆ.